ವಹಿವಾಟಿನ ಮಿತಿ: ರೋಣ, ನರಗುಂದ, ಗಜೇಂದ್ರಗಡದ ಪೇಟೆಗಳಲ್ಲಿ ಮಾರಾಟ ತೆರಿಗೆ

ಮಾರಾಟ ತೆರಿಗೆಯ ಭಾರ ಗಿರಾಕಿಯದಾದರೂ ಅದನ್ನು ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಹೊಣೆ ವ್ಯಾಪಾರಿಯದು. ಆ ಹೊಣೆ ಯಾರ ಮೇಲೆ ಬೀಳಬೇಕೆಂಬುದನ್ನು ತೀರ್ಮಾನಿಸುವುದು ಲಾಭವಲ್ಲ, ವರ್ಷದ ಒಟ್ಟು ಮಾರಾಟದ ಮೊತ್ತವಾದ ವಹಿವಾಟು. ಇಂದು ಗದಗ ಜಿಲ್ಲೆಗೆ ಸೇರಿದ ರೋಣ, ನರಗುಂದ ಮತ್ತು ಗಜೇಂದ್ರಗಡದ ಪೇಟೆಗಳಿಗೆ ಈ ಮಿತಿಯನ್ನು ಮುಂಬೈ, ಬೆಂಗಳೂರು, ದೆಹಲಿಗಳು ಸರದಿಯಂತೆ ಗೊತ್ತುಮಾಡಿವೆ.

ಈ ಊರುಗಳು ಆಗ ಸೇರಿದ್ದ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲಿದ್ದ ಕಾಲದಲ್ಲಿ, 1946ರಲ್ಲಿ ಮುಂಬೈ ಮಾರಾಟ ತೆರಿಗೆ ಕಾಯ್ದೆ ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ ಬಂದ 1952ರ ಕಾಯ್ದೆಯು ವರ್ಷಕ್ಕೆ 30,000 ರೂಪಾಯಿ ಮೀರಿದ ವಹಿವಾಟಿಗೆ ಸಾಮಾನ್ಯ ತೆರಿಗೆಯನ್ನೂ, ಕೆಲವು ಸರಕುಗಳಿಗೆ 5,000 ರೂಪಾಯಿಯ ಮಿತಿಯಿಂದಲೇ ವಿಶೇಷ ತೆರಿಗೆಯನ್ನೂ ವಿಧಿಸಿದ್ದರಿಂದ, ದಿನದ ಜಮಾ-ಖರ್ಚು ಬರೆದಿಡುವ ಕಿರ್ದಿಯು ಅಂಗಡಿಯ ಖಾಸಗಿ ಪುಸ್ತಕವಾಗಿ ಉಳಿಯದೆ ತೆರಿಗೆ ಅಧಿಕಾರಿಯ ಮುಂದಿಡಬೇಕಾದ ದಾಖಲೆಯಾಯಿತು. ಗಜೇಂದ್ರಗಡದ ಪೂರ್ವಕ್ಕಿರುವ ಕುಷ್ಟಗಿ, ಯಲಬುರ್ಗಾಗಳು ಆಗ ಹೈದರಾಬಾದ್ ರಾಜ್ಯದಲ್ಲಿದ್ದು 1950ರ ಬೇರೊಂದು ಕಾಯ್ದೆಗೆ ಒಳಪಟ್ಟಿದ್ದವು. ಏಕೀಕರಣದ ಬಳಿಕ, 1957ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೈಸೂರು ಮಾರಾಟ ತೆರಿಗೆ ಕಾಯ್ದೆ ಈ ಭೇದವನ್ನು ಅಳಿಸಿತು.

ನೇಕಾರಿಕೆಯ ಊರಾದ ಗಜೇಂದ್ರಗಡದ ಸ್ಥಿತಿ ತುಸು ಭಿನ್ನ. 1957ರಲ್ಲಿ ಕೇಂದ್ರವು ಬಟ್ಟೆ, ಸಕ್ಕರೆ, ತಂಬಾಕುಗಳ ಮೇಲೆ ಹೆಚ್ಚುವರಿ ಅಬಕಾರಿ ಸುಂಕ ವಿಧಿಸಿ ಅದರ ಪಾಲನ್ನು ರಾಜ್ಯಗಳಿಗೆ ಕೊಡಲು ಒಪ್ಪಿದ್ದರಿಂದ, ರಾಜ್ಯಗಳು ಈ ವಸ್ತುಗಳ ಮಾರಾಟ ತೆರಿಗೆಯನ್ನು ಬಿಟ್ಟುಕೊಟ್ಟವು. ಹೀಗಾಗಿ ಚೌಕುಳಿ ವಿನ್ಯಾಸದ, ಎರಡೂ ಮಗ್ಗುಲಲ್ಲಿ ಉಡಬಹುದಾದ ಪಟ್ಟೆದ ಅಂಚಿನ ಸೀರೆಗೆ ಹೆಸರಾದ ಈ ಊರಿನ ಬಟ್ಟೆ ವ್ಯಾಪಾರಕ್ಕೆ ತೆರಿಗೆ ನೋಂದಣಿಯ ಪ್ರಶ್ನೆ ನಿಜವಾಗಿ ಎದುರಾದದ್ದು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ.

ಈ ತೆರಿಗೆಯ ಮೊದಲ ಮಿತಿ 20 ಲಕ್ಷ ರೂಪಾಯಿಯಾಗಿತ್ತು. 2019ರ ಏಪ್ರಿಲ್ 1ರಿಂದ ಸರಕು ಮಾತ್ರ ಮಾರುವವರಿಗೆ ಅದು 40 ಲಕ್ಷಕ್ಕೆ ಏರಿತು, ಸೇವೆಗಳಿಗೆ 20 ಲಕ್ಷವೇ ಉಳಿಯಿತು. ತಾನು ಬೆಳೆದ ಕಡಲೆಯನ್ನು ಮಾರುವ ನರಗುಂದದ ರೈತನಿಗೂ, ವಿನಾಯಿತಿಯುಳ್ಳ ಸರಕನ್ನಷ್ಟೇ ಮಾರುವವನಿಗೂ ನೋಂದಣಿ ಬೇಕಿಲ್ಲ. ಆದರೆ ಬಿಡಿ ಜೋಳದ ಜತೆಗೆ ಸಾಬೂನನ್ನೂ ಮಾರುವ ರೋಣದ ಕಿರಾಣಿ ಅಂಗಡಿಯಲ್ಲಿ ತೆರಿಗೆ ಬೀಳುವುದು ಸಾಬೂನಿಗಾದರೂ, ಮಿತಿಯನ್ನು ಲೆಕ್ಕಹಾಕುವಾಗ ಎರಡರ ಮಾರಾಟವೂ ಸೇರುತ್ತದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ನೆರೆಯ ಹಾವೇರಿಯ ತರಕಾರಿ ಮಾರಾಟಗಾರರೊಬ್ಬರಿಗೂ ಅದು ತಲುಪಿ ಗದ್ದಲವೆದ್ದಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದ ಹಣ ಎಷ್ಟೆಂಬುದನ್ನು ಫೋನು ಹೇಳಬಲ್ಲದು, ಯಾವ ಸರಕಿಗೆ ಬಂದುದೆಂಬುದನ್ನು ಹೇಳಲಾರದು. ಆದ್ದರಿಂದ ಸರಕುವಾರು ಬರೆದ ಕಿರ್ದಿಯೇ ಇಂದಿಗೂ ಸಣ್ಣ ವ್ಯಾಪಾರಿಯ ಮುಖ್ಯ ರಕ್ಷಣೆ. ಮಿತಿ ದಾಟಿದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ನೋಂದಣಿಯಿಲ್ಲದೆ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ.