ಒಡೆದ ಹಾಲಿನ ನೀರು ಡಬ್ಬಿ ಸೇರಿದ ಕಥೆ

ಮನೆಯಲ್ಲಿ ಹಾಲು ಒಡೆದಾಗ ಏನ್ ಮಾಡ್ತೀರಿ? ಬಟ್ಟೆಯಲ್ಲಿ ಸೋಸಿ ಗಟ್ಟಿಯಾದದ್ದನ್ನು ಪನೀರೋ ಪಾಲ್ಕೋವನೋ ಮಾಡಿಕೊಂಡು, ಉಳಿದ ಹಳದಿ-ಹಸಿರು ನೀರನ್ನು ಸಿಂಕಿಗೆ ಸುರಿಯುತ್ತೀರಿ. ಸ್ವಲ್ಪ ಲೆಕ್ಕಾಚಾರದ ಗೃಹಿಣಿಯಾದರೆ ಚಪಾತಿ ಹಿಟ್ಟು ಕಲಸೋಕೆ ಇಟ್ಟುಕೊಳ್ಳುತ್ತಾರೆ. ಜಿಮ್ಮಿನ ಗೋಡೆಗಳಲ್ಲಿ ಸಾಲಾಗಿ ಜೋಡಿಸಿಟ್ಟ, ಸಾವಿರಾರು ರೂಪಾಯಿ ಬೆಲೆಯ ದಪ್ಪ ದಪ್ಪ ಡಬ್ಬಿಗಳಲ್ಲಿರುವುದು ಇದೇ ನೀರಿನ ಸಾರ. ಕನ್ನಡದಲ್ಲಿ ಇದಕ್ಕೆ ಹಾಲೊಡಕು ಅನ್ನೋ ಒಳ್ಳೆಯ ಹೆಸರಿದೆ, ಆದರೆ 'ಒಂದು ಸ್ಕೂಪ್ ಹಾಲೊಡಕು ಕೊಡಿ' ಅಂತ ಯಾರೂ ಕೇಳೋದಿಲ್ಲ. ವೇ ಪ್ರೊಟೀನ್ ಅಂದರೇನೇ ಮರ್ಯಾದೆ.

ಯುರೋಪಿನಲ್ಲಿ ಈ ನೀರಿಗೆ ಒಂದು ಕಾಲದಲ್ಲಿ ಬಹಳ ಗೌರವ ಇತ್ತು. 1660ರ ದಶಕದ ಲಂಡನ್ನಿನಲ್ಲಿ ಹಾಲೊಡಕು ಮಾರುವ ಅಂಗಡಿಗಳೇ ಇದ್ದವು. ದಿನಚರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ಅಲ್ಲಿ ಹೋಗಿ ಕುಡಿದದ್ದನ್ನು ಬರೆದಿಟ್ಟಿದ್ದಾನೆ. 1749ರಿಂದಾಚೆಗೆ ಸ್ವಿಟ್ಜರ್ಲೆಂಡಿನ ಗೈಸ್ ಎಂಬ ಹಳ್ಳಿ 'ಹಾಲೊಡಕಿನ ಚಿಕಿತ್ಸೆ'ಗೆ ಹೆಸರಾಯಿತು. ಆಮೇಲೆ ಚೀಸ್ ಮನೆಯ ಕಸುಬಾಗಿದ್ದದ್ದು ಕಾರ್ಖಾನೆಗೆ ಹೋಯಿತು. ಅಮೆರಿಕದಲ್ಲಿ 1851ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಎಂಬಲ್ಲಿ ಜೆಸ್ಸಿ ವಿಲಿಯಮ್ಸ್ ಅನ್ನುವವನು ಮೊದಲ ಚೀಸ್ ಕಾರ್ಖಾನೆ ಶುರುಮಾಡಿದ. ಹತ್ತು ಕಿಲೋ ಹಾಲಿಗೆ ಒಂದು ಕಿಲೋ ಚೀಸ್ ಬಂದರೆ, ಒಂಬತ್ತು ಕಿಲೋ ಹಾಲೊಡಕು. ಹಂದಿಗೆ ಕುಡಿಸಿದರು, ಹೊಲಕ್ಕೆ ಚೆಲ್ಲಿದರು, ಉಳಿದದ್ದನ್ನು ಹೊಳೆಗೆ ಬಿಟ್ಟರು. ಹೊಳೆಗೆ ಬಿದ್ದ ಹಾಲೊಡಕು ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯಿಸುತ್ತೆ. 1972ರ ಅಮೆರಿಕದ ಜಲ ಕಾಯ್ದೆ ಬಿಗಿಯಾಗುವ ಹೊತ್ತಿಗೆ ಚೀಸ್ ಕಾರ್ಖಾನೆಗಳಿಗೆ ಇದು ದೊಡ್ಡ ತಲೆನೋವು.

ಅಲ್ಲಿಯವರೆಗೆ ಪೈಲ್ವಾನರು ಏನು ತಿನ್ನುತ್ತಿದ್ದರು ಅಂತ ನೀವು ಕೇಳಬಹುದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ಲಾಸ್ಮನ್ ಅಂತ ಒಂದು ಪುಡಿ ಬಂದಿತ್ತು. ಅದು ಹಾಲಿನ ನೀರಲ್ಲ, ಗಟ್ಟಿ ಭಾಗವಾದ ಕೇಸೀನ್ ಒಣಗಿಸಿದ್ದು. ಅದರ ಕಂಪನಿಗೆ ದುಡ್ಡು ಹಾಕಿ ಕೈ ಸುಟ್ಟುಕೊಂಡವರಲ್ಲಿ ಲೇಖಕ ಮಾರ್ಕ್ ಟ್ವೇನ್ ಒಬ್ಬ. ಅದನ್ನು ಹೊಗಳಿದವರಲ್ಲಿ ಯೂಜೆನ್ ಸ್ಯಾಂಡೋ ಒಬ್ಬ. ಹೌದು, ನಮ್ಮ ತಾತಂದಿರ ಸ್ಯಾಂಡೋ ಬನಿಯನ್ ಇದೆಯಲ್ಲ, ಅದೇ ಸ್ಯಾಂಡೋ. 1905ರಲ್ಲಿ ಅವನು ಭಾರತದಲ್ಲೂ ಪ್ರದರ್ಶನ ಕೊಟ್ಟ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಕಟ್ಟಿದ, 'ಶಾಂತಲಾ' ಕಾದಂಬರಿಯನ್ನೂ ಬರೆದ ನಮ್ಮ ಪ್ರೊ. ಕೆ.ವಿ. ಅಯ್ಯರ್ ಅವರ ಹಳೇ ಫೋಟೋಗಳನ್ನು ನೋಡಿದವರಿಗೆ ಗೊತ್ತು, ಶಿಲ್ಪದಂಥ ಮೈ. ಅವು ತೆಗೆದ ಕಾಲಕ್ಕೆ ವೇ ಪ್ರೊಟೀನಿನ ಡಬ್ಬಿ ಹುಟ್ಟೇ ಇರಲಿಲ್ಲ.

1950ರ ದಶಕದ ಶುರುವಿನಲ್ಲಿ ಅಮೆರಿಕದ ಬಾಬ್ ಹಾಫ್‌ಮನ್ ಸೋಯಾ ಹಿಟ್ಟಿನ ಪುಡಿ ಮಾರೋಕೆ ನಿಂತ. ದೊಡ್ಡ ಹಂಡೆಯಲ್ಲಿ ಚಾಕೊಲೇಟ್ ಬೆರೆಸಿ ದೋಣಿಯ ಹುಟ್ಟಿನಲ್ಲಿ ತಿರುವುತ್ತಿದ್ದನಂತೆ. ಸೋಯಾ ತಿಂದವರ ಹೊಟ್ಟೆಯ ಸ್ಥಿತಿ ಬೇಳೆ ಹೆಚ್ಚು ತಿಂದವರದ್ದೇ. ಅದೇ ಕಾಲದಲ್ಲಿ ಷಿಕಾಗೋದ ಇರ್ವಿನ್ ಜಾನ್ಸನ್, ಮುಂದೆ ರೀಯೋ ಬ್ಲೇರ್ ಅಂತ ಹೆಸರು ಬದಲಿಸಿಕೊಂಡವನು, ಹಾಲು-ಮೊಟ್ಟೆಯ ಪುಡಿಯನ್ನು ಕೆನೆಹಾಲಿನಲ್ಲೇ ಕಲಸಿ ಕುಡಿಯಿರಿ ಅಂತ ಹೇಳಿಕೊಟ್ಟ. ಶೇಕ್ ಅಂದರೆ ಹಾಲಿನಲ್ಲಿ ಕಲಸಬೇಕು ಅನ್ನುವ ರೂಢಿ ಗಟ್ಟಿಯಾದದ್ದು ಇಂಥವರ ಕಾಲದಲ್ಲಿ. ಈ ರೂಢಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಲೊಡಕಿನಿಂದ ಪ್ರೊಟೀನ್ ಮಾತ್ರ ಕೆಡಿಸದೆ ಹಿಡಿಯೋಕೆ ಒಂದು ಜರಡಿ ಬೇಕಿತ್ತು. ಅದು ಸಿಕ್ಕಿದ್ದು ಡೇರಿಯಲ್ಲಲ್ಲ. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ 1950ರ ದಶಕದ ಕೊನೆಗೆ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಸಮುದ್ರದ ನೀರಿನ ಉಪ್ಪು ತೆಗೆಯೋಕೆ ಒಂದು ತೆಳು ಪೊರೆ ಮಾಡಿದರು. ಆ ವಿದ್ಯೆಯ ಸಂತತಿಯೇ ನಮ್ಮ ಅಡುಗೆಮನೆಯ ಆರ್‌ಓ ಫಿಲ್ಟರ್ರು, ಮತ್ತು 1970ರ ದಶಕದಲ್ಲಿ ಚೀಸ್ ಕಾರ್ಖಾನೆಗೆ ಬಂದ ಅಲ್ಟ್ರಾಫಿಲ್ಟರ್ರು. ಪ್ರೊಟೀನಿನ ಅಣು ದೊಡ್ಡದು, ಪೊರೆಯ ಈಚೆ ಉಳಿಯುತ್ತೆ. ನೀರು, ಲವಣ, ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಸಣ್ಣವು, ಆಚೆ ಹೋಗುತ್ತವೆ. ಹೊಳೆಗೆ ಬಿಡ್ತಿದ್ದ ಕಸ ಹೀಗೆ ದುಡ್ಡಾಯಿತು.

ಆದರೆ ಲ್ಯಾಕ್ಟೋಸ್ ಪೂರ್ತಿ ಹೋಗೋದಿಲ್ಲ, ಎಷ್ಟು ಸಲ ಸೋಸಿದ್ದಾರೆ ಅನ್ನೋದರ ಮೇಲೆ ಉಳಿಯೋದು ಎಷ್ಟು ಅನ್ನೋದು ನಿಂತಿದೆ. ಸೋಸದೆ ಒಣಗಿಸಿದ ಹಾಲೊಡಕಿನ ಪುಡಿಯಲ್ಲಿ ಸುಮಾರು 70 ಪ್ರತಿಶತ ಲ್ಯಾಕ್ಟೋಸೇ. 35 ಪ್ರತಿಶತ ಪ್ರೊಟೀನಿನ ಕಾನ್ಸಂಟ್ರೇಟಿನಲ್ಲಿ ಅರ್ಧದಷ್ಟು. 80 ಪ್ರತಿಶತದ್ದರಲ್ಲಿ ನಾಲ್ಕರಿಂದ ಎಂಟು. ಐಸೊಲೇಟ್ ಅಂತ ದುಬಾರಿಯದ್ದರಲ್ಲಿ ಒಂದು ಪ್ರತಿಶತದ ಆಸುಪಾಸು.

ನನಗೆ ಈ ಇತಿಹಾಸದ ಹುಚ್ಚು ಹತ್ತಿಸಿದವನು ನನ್ನ ಅಕ್ಕನ ಮಗ. ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದ. ಮೊದಲ ಸಂಬಳದಲ್ಲಿ ಡಬ್ಬಿ ತಂದು, ದಿನಾ ಎರಡು ಸ್ಕೂಪು 300 ಮಿಲಿಲೀಟರ್ ಹಾಲಿಗೆ ಹಾಕಿ ಕುಡಿಯೋನು. "ಮಾಮ, ಕುಡಿದ ಅರ್ಧ ಗಂಟೆಗೆ ಹೊಟ್ಟೆ ಡೊಳ್ಳಾಗುತ್ತೆ, ಓಡೋದಿರಲಿ, ಬಾತ್ರೂಮ್ ಬಿಟ್ಟು ಬರೋಕಾಗಲ್ಲ" ಅಂದ. ಅವನ ಕೋಚು ಹೇಳಿದ್ದು: "ನಿನ್ನ ಬಾಡಿನೇ ವೀಕು ಕಣೋ, ಕುಡೀತಾ ಇರು, ಅಡ್ಜಸ್ಟ್ ಆಗುತ್ತೆ." ಹುಡುಗ ನಂಬಿದ್ದ. ಹಾಲು ಅರಗಿಸಿಕೊಳ್ಳಲಾಗದವನು ಪೊಲೀಸ್ ಹೇಗಾಗಲಿ ಅಂತ ಕುಗ್ಗಿಹೋಗಿದ್ದ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಲೆಕ್ಕ ಹಾಕಿ ನೋಡಿ. 300 ಮಿಲಿಲೀಟರ್ ಹಾಲಿನಲ್ಲೇ ಸುಮಾರು 14 ಗ್ರಾಂ ಲ್ಯಾಕ್ಟೋಸ್. ಎರಡು ಸ್ಕೂಪ್ ಒಳ್ಳೆಯ ಕಾನ್ಸಂಟ್ರೇಟಿನಿಂದ ಇನ್ನು ಮೂರೋ ನಾಲ್ಕೋ ಗ್ರಾಂ. ಹಾಲು ಒಗ್ಗದ ಬಹುತೇಕರು ಒಂದು ಸಲಕ್ಕೆ 12 ಗ್ರಾಂವರೆಗೆ ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಅಂದರೆ ಡಬ್ಬಿಗಿಂತ ಹೆಚ್ಚಿನ ತಪ್ಪು ಲೋಟದ ಹಾಲಿನದ್ದು! ಐಸೊಲೇಟಿಗೆ ದುಪ್ಪಟ್ಟು ದುಡ್ಡು ಸುರಿದು ಅದನ್ನೂ ಹಾಲಿಗೇ ಕಲಸುವವರನ್ನು ನಾನು ಕಂಡಿದ್ದೇನೆ. (ಸಿಹಿಗೆ ಹಾಕುವ ಕೃತಕ ವಸ್ತುಗಳಿಂದಲೂ ಕೆಲವರಿಗೆ ಹೊಟ್ಟೆ ಕೆಡುತ್ತೆ. ಹಾಲಿನ ಪ್ರೊಟೀನಿಗೇ ಅಲರ್ಜಿ ಇರೋರ ಕಥೆ ಬೇರೆಯೇ, ಅವರು ಯಾವ ಡಬ್ಬಿಯನ್ನೂ ಮುಟ್ಟಬಾರದು.)

ಒಳಗೆ ನಡೆಯೋದು ಇಷ್ಟು. ಲ್ಯಾಕ್ಟೋಸನ್ನು ಒಡೆಯೋಕೆ ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕರುವಾಗಲಿ ಮಗುವಾಗಲಿ, ಮೊಲೆ ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಾ ಹೋಗೋದು ಪ್ರಕೃತಿಯ ನಿಯಮ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗಾಳಿ ಮಾಡುತ್ತವೆ. ಕೋಚು ಹೇಳಿದಂತೆ ಆ ಬ್ಯಾಕ್ಟೀರಿಯಾಗಳು ಸ್ವಲ್ಪ ಒಗ್ಗಿಕೊಳ್ಳೋದುಂಟು, ಆದರೆ ಹೋದ ಕಿಣ್ವ ವಾಪಸು ಬರೋದಿಲ್ಲ.

ಇದು ದೊಡ್ಡವರಲ್ಲಿ ಸಾಮಾನ್ಯ ಅಂತ ವೈದ್ಯಲೋಕಕ್ಕೆ ಹೊಳೆದದ್ದೇ ತಡವಾಗಿ. 1963ರಲ್ಲಿ ಇಟಲಿ ಮತ್ತು ಸ್ವೀಡನ್ನಿನವರು ದೊಡ್ಡವರಲ್ಲಿ ಈ ಕಿಣ್ವ ಕಡಿಮೆ ಇರೋದನ್ನು ವರದಿ ಮಾಡಿದರು. 1965-66ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಪರೀಕ್ಷಿಸಿದಾಗ, ಕರಿಯ ಅಮೆರಿಕನ್ನರಲ್ಲಿ ಬಹುಪಾಲು ಮಂದಿಗೆ, ಬಿಳಿಯರಲ್ಲಿ ಕೆಲವರಿಗೆ ಮಾತ್ರ ಈ ಕಿಣ್ವ ಸಾಲದು ಅಂತ ಗೊತ್ತಾಯಿತು. ಇಟ್ಟ ಹೆಸರು ನೋಡಿ: 'ಲ್ಯಾಕ್ಟೇಸ್ ಕೊರತೆ'. ಜಗತ್ತಿನ ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಇರೋದನ್ನು ಕೊರತೆ ಅಂತ ಕರೆದರು, ಹೆಸರಿಟ್ಟವರ ಸುತ್ತ ಇದ್ದದ್ದು ಹಾಲು ಅರಗುವ ಜನ. ನನ್ನ ಪ್ರಕಾರ ಕೋಚ್‌ನ ಆ 'ವೀಕು' ಅನ್ನೋ ಮಾತಿನ ಬೇರು ಇಲ್ಲಿದೆ. 2002ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಕಂಡುಹಿಡಿದದ್ದು ಉಲ್ಟಾ: ದೊಡ್ಡವರಾದ ಮೇಲೂ ಹಾಲು ಅರಗಿಸುವವರಲ್ಲೇ ಡಿಎನ್ಎಯ ಒಂದು ಅಕ್ಷರ ಬದಲಾಗಿದೆ. ಹೊಸತು ಅವರು, ಹಳಬರು ನಾವು.

ನಮ್ಮಲ್ಲಿ ಹೇಗೆ? 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೆಹಲಿಯಲ್ಲಿ ಪರೀಕ್ಷಿಸಿದವರಲ್ಲಿ 27.4 ಪ್ರತಿಶತ, ತಿರುವನಂತಪುರ-ಪುದುಚೇರಿಗಳಲ್ಲಿ 66.6 ಪ್ರತಿಶತ ಮಂದಿಗೆ ಲ್ಯಾಕ್ಟೋಸ್ ಒಗ್ಗುತ್ತಿರಲಿಲ್ಲ. ಯುರೋಪಿನ ಆ ಡಿಎನ್ಎ ಬದಲಾವಣೆಯೇ ಭಾರತದಲ್ಲೂ ಇದೆ, ವಾಯವ್ಯದಿಂದ ಆಗ್ನೇಯಕ್ಕೆ ಬರುತ್ತಾ ಕಡಿಮೆಯಾಗುತ್ತೆ. ಹಾಗಿದ್ದೂ ದಕ್ಷಿಣದವರು ಊಟದ ಕೊನೆಗೆ ಮೊಸರನ್ನ, ಮಜ್ಜಿಗೆ ಬಿಟ್ಟಿಲ್ಲ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಸ್ವಲ್ಪ ಲ್ಯಾಕ್ಟೋಸ್ ತಿಂದು ಮುಗಿಸುತ್ತವೆ, ಹೊಟ್ಟೆಗೆ ಹೋದ ಮೇಲೂ ತಮ್ಮದೇ ಕಿಣ್ವದಿಂದ ಉಳಿದದ್ದನ್ನು ಒಡೆಯುತ್ತವೆ. ಗ್ರಹಣಿ ರೋಗಕ್ಕೆ ತಕ್ರ, ಅಂದ್ರೆ ಮಜ್ಜಿಗೆ, ಒಳ್ಳೆಯದು ಅಂತ ಚರಕ ಸಂಹಿತೆ ಹೇಳೋದು ಸುಮ್ಮನೆ ಅಲ್ಲ.

ಇನ್ನೊಂದು ವಿಷಯ, ಹೆಚ್ಚಿನವರು ಮರೆತದ್ದು. ಮೈಸೂರಿನ ಸಿಎಫ್‌ಟಿಆರ್‌ಐ ಅಂದರೆ ನಮಗೆ ಚೆಲುವಾಂಬ ಮ್ಯಾನ್ಷನ್ನಿನ ಆ ಅರಮನೆಯಂಥ ಕಟ್ಟಡ. ಅಲ್ಲಿಯ ವಿಜ್ಞಾನಿಗಳು ಕಡಲೆಕಾಯಿಯ ಪ್ರೊಟೀನ್ ತೆಗೆದು ಹಾಲಿಗೆ ಬೆರೆಸಿ ಮಿಲ್ಟೋನ್ ಅನ್ನುವ ಪಾನೀಯ ಮಾಡಿದ್ದರು, ಬೆಂಗಳೂರಿನಲ್ಲಿ ತಯಾರೂ ಆಗುತ್ತಿತ್ತು. ಅವರ ಚಿಂತೆ ಹೊಟ್ಟೆಯುಬ್ಬರ ಅಲ್ಲ, ಹಾಲಿನ ಅಭಾವ. ಇರೋ ಹಾಲನ್ನು ಹೆಚ್ಚು ಮಕ್ಕಳಿಗೆ ಮುಟ್ಟಿಸೋದು. ಆದರೆ ಹಾಲಿನ ಪಾಲು ಕಡಿಮೆಯಾದಷ್ಟು ಲ್ಯಾಕ್ಟೋಸೂ ಕಡಿಮೆ ತಾನೆ. 2013ರ ಆಗಸ್ಟಿನಿಂದ ನಮ್ಮ ಶಾಲೆಗಳಲ್ಲಿ ಕೊಡುವ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲಿನಲ್ಲಿ ಸುಮಾರು ಏಳು ಗ್ರಾಂ ಇರುತ್ತೆ, ಮಕ್ಕಳಿಗೆ ಅದು ದೊಡ್ಡ ಪ್ರಮಾಣವಲ್ಲ. ಆದರೂ ಹಾಲು ಕುಡಿದು ಹೊಟ್ಟೆ ಹಿಡಿದುಕೊಳ್ಳುವ ಹುಡುಗಿಗೆ 'ನಾಟಕ ಆಡ್ತೀಯ' ಅಂತ ಗದರುವ ಮೊದಲು ಮೇಷ್ಟ್ರು ಒಂದು ಲೋಟ ಮಜ್ಜಿಗೆ ಕೊಟ್ಟು ನೋಡಬಹುದು.

ನಮ್ಮ ಹುಡುಗ ಈಗ ಅದೇ ಡಬ್ಬಿಯ ಒಂದು ಸ್ಕೂಪನ್ನು ನೀರಿನಲ್ಲಿ ಕಲಸುತ್ತಾನೆ. ರುಚಿ ಕೆಟ್ಟದಾಗಿದೆಯಂತೆ. ಇನ್ನೊಂದು ಹೊತ್ತಿಗೆ ಅಕ್ಕ ಹುರಿಗಡಲೆ, ಶೇಂಗಾ ಪುಡಿ ಮಾಡಿ ಡಬ್ಬಿ ಖಾಲಿಯಾಗೋದನ್ನೇ ಕಾಯುತ್ತಿದ್ದಾಳೆ, ಅಕ್ಕಿ ತುಂಬಿಸೋಕೆ ಒಳ್ಳೇ ಅಳತೆ ಅಂತೆ.