ದೂರದ ಶಿಷ್ಯನಿಗೆ ಸ್ವರಪಾಠವು

ಗಾನವಿದ್ಯೆಯು ಗುರುಮುಖದಿಂದ ಕಿವಿಗೆ, ಕಿವಿಯಿಂದ ಕಂಠಕ್ಕೆ ಇಳಿಯತಕ್ಕುದೆಂಬುದು ನಮ್ಮ ಹಿರಿಯರ ಸಿದ್ಧಾಂತವು. ಆದರೆ ಗುರುವು ಒಂದೂರಿನಲ್ಲಿಯೂ ಶಿಷ್ಯನು ನೂರು ಹರಿದಾರಿಯಾಚೆಯೂ ಇದ್ದರೆ, ಅದರಲ್ಲಿಯೂ ಆ ಶಿಷ್ಯನು ಕಲಿತು ಮಕ್ಕಳಿಗೆ ಕಲಿಸಬೇಕಾದ ಉಪಾಧ್ಯಾಯನಾಗಿದ್ದರೆ ಗತಿಯೇನು? ಇದಕ್ಕೆ ಉತ್ತರವನ್ನು ಹುಡುಕಿದವರ ಚರಿತ್ರೆಯನ್ನು ಭಕ್ತರ ಅವಗಾಹನೆಗಾಗಿ ಸಂಗ್ರಹವಾಗಿ ನಿರೂಪಿಸುವೆವು.

ಗ್ವಾಲಿಯರದ ಗಾಯಕಿಯನ್ನು ನಮ್ಮ ಕಡೆಗೆ ತಂದ ಬಾಲಕೃಷ್ಣಬುವಾ ಇಚಲಕರಂಜಿಕರರ ಶಿಷ್ಯರಲ್ಲಿ ವಿಷ್ಣು ದಿಗಂಬರ ಪಲುಸ್ಕರರೂ ನೀಲಕಂಠಬುವಾ ಮಿರಜಕರರೂ ಇದ್ದರು. ಒಂದೇ ಮರದ ಈ ಎರಡು ಕೊಂಬೆಗಳು ಬೇರೆಬೇರೆ ದಿಕ್ಕಿಗೆ ಚಾಚಿದುವು.

1872ರಲ್ಲಿ ಕುರುಂದವಾಡದಲ್ಲಿ ಜನಿಸಿದ ಪಲುಸ್ಕರರು ಬಾಲ್ಯದಲ್ಲಿ ಪಟಾಕಿಯಿಂದ ಕಣ್ಣಿಗೆ ಅಪಾಯವನ್ನು ತಂದುಕೊಂಡವರು. ಅವರು 1901ನೆಯ ಮೇ 5ರಂದು ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಗಾಯಕರನ್ನಷ್ಟೇ ಅಲ್ಲದೆ ಉಪದೇಶಕರನ್ನೂ ತಯಾರಿಸತೊಡಗಿದರು. ಪಾಠಗಳನ್ನು ಸ್ವರಲಿಪಿಯಲ್ಲಿ ಅಚ್ಚುಮಾಡಿಸಿದರು. ಅವರು ದಿವಂಗತರಾದ 1931ರಲ್ಲಿಯೇ ಶಿಷ್ಯರು ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಮಂಡಲದ ಯುಕ್ತಿಯು ಸರಳವಾದುದು. ಕಲಿಕೆಯು ಅವರವರ ಊರಿನ ಗುರುವಿನಲ್ಲಿ, ಪಠ್ಯಕ್ರಮವೂ ಪರೀಕ್ಷೆಯೂ ಮಂಡಲದಿಂದ. ಪ್ರವೇಶಿಕೆಯಿಂದ ವಿಶಾರದ, ಅಲಂಕಾರಗಳವರೆಗೆ ಮೆಟ್ಟಿಲುಗಳು. ಚಿಕ್ಕ ಊರಿನ ಉಪಾಧ್ಯಾಯನಿಗೆ ಈ ವರ್ಷ ಯಾವ ರಾಗ, ಮುಂದಿನ ವರ್ಷ ಯಾವ ತಾಳ ಎಂಬುದು ಕಾಗದದ ಮೇಲೆ ಸಿಕ್ಕಿತು. ಇದು ಅಲ್ಪವಾದ ಉಪಕಾರವಲ್ಲ.

ಮುಂಬಯಿಯ ವಕೀಲರಾಗಿದ್ದ ವಿಷ್ಣು ನಾರಾಯಣ ಭಾತಖಂಡೆಯವರು (1860-1936) ಇನ್ನೂ ಸುಲಭವಾದ ಲಿಪಿಯನ್ನು ಬಳಸಿದರು. ಕೋಮಲ ಸ್ವರಕ್ಕೆ ಅಡಿಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಅವರ ಕ್ರಮಿಕ ಪುಸ್ತಕಮಾಲಿಕೆಯ ಆರು ಭಾಗಗಳು ಗುರುವಿಲ್ಲದ ಮನೆಗಳನ್ನೂ ಹೊಕ್ಕುವು.

ಆದರೆ ತೊಡಕು ಇಲ್ಲಿಯೇ ಇರುವುದು. ಭೀಮಪಲಾಸಿಯ ಗಾಂಧಾರಕ್ಕೂ ದರಬಾರಿಯ ಗಾಂಧಾರಕ್ಕೂ ಲಿಪಿಯಲ್ಲಿ ಅದೇ ಅಡಿಗೆರೆಯು. ದರಬಾರಿಯಲ್ಲಿ ಅದು ಮೆಲ್ಲಗೆ ತೂಗಾಡುವ ಬಗೆಯನ್ನು ಯಾವ ಗೆರೆಯು ತಿಳಿಸೀತು? ಪುಸ್ತಕವನ್ನೇ ನಂಬಿದ ಉಪಾಧ್ಯಾಯನು ಸ್ವರಗಳನ್ನು ತಪ್ಪದೆ ಹೇಳಿ ರಾಗವನ್ನು ಕಳೆದುಬಿಡುವನು. ಅವನ ತಪ್ಪು ನಲವತ್ತು ಮಕ್ಕಳ ಕಂಠದಲ್ಲಿ ನೆಲೆಗೊಳ್ಳುವುದು.

ಇನ್ನೊಂದು ಕೊಂಬೆಯನ್ನು ನೋಡುವೆವು. ಅಂಧರಾಗಿದ್ದ ಗಾನಯೋಗಿ ಪಂಚಾಕ್ಷರ ಗವಾಯಿಗಳವರು (1892-1944) ಹಾನಗಲ್ಲ ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಬೆಳೆದು, ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಗಾಯನವನ್ನು ಪಡೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ ಅವರ ತರುವಾಯ 2010ರವರೆಗೆ ಪುಟ್ಟರಾಜ ಗವಾಯಿಗಳವರೂ ಅಂಧರಿಗೆ, ಅನಾಥರಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು. ಅಚ್ಚಿನ ಸ್ವರಲಿಪಿಯು ಅಂಧನಿಗೆ ಮುಚ್ಚಿದ ಬಾಗಿಲು. ಆದುದರಿಂದ ಅಲ್ಲಿ ಕಿವಿಯೇ ಗ್ರಂಥವಾಯಿತು. ಆಂದೋಲನವು ಮೊದಲ ದಿನದಿಂದಲೇ ಪಾಠದೊಳಗಿದ್ದಿತು. (ಲೂಯಿ ಬ್ರೇಲನು 1829ರಲ್ಲಿ ಪ್ರಕಟಿಸಿದ ಚುಕ್ಕೆಲಿಪಿಯಲ್ಲಿ ಸಂಗೀತಕ್ಕೂ ಸ್ಥಾನವಿದ್ದಿತು, ಅವನೂ ಅಂಧನೇ, ವಾದ್ಯಗಾರನೇ.)

ತರುವಾಯ ಅಂಚೆಯ ಮೂಲಕ ಕಲಿಸುವ ಕ್ರಮವು ಬಂದಿತು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ, ಮೈಸೂರಿನಲ್ಲಿ 1969ರಲ್ಲಿ ಅದು ಮೊದಲಾಯಿತು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಮುಂದೆ ಹಿಂದುಸ್ತಾನಿ ಸಂಗೀತಕ್ಕೂ ಪ್ರಮಾಣಪತ್ರದ ಪಠ್ಯಕ್ರಮವನ್ನು ಏರ್ಪಡಿಸಿತು. ಇತಿಹಾಸ, ಲಕ್ಷಣ, ತಾಳದ ಲೆಕ್ಕ ಇವು ಅಂಚೆಯ ಚೀಲದಲ್ಲಿ ನೆಟ್ಟಗೆ ತಲುಪುವುವು. ಧ್ವನಿಮುದ್ರಿಕೆಯಿಂದ ಗುರುವಿನ ಕಂಠವೂ ತಲುಪಬಲ್ಲುದು.

ತಲುಪದೆ ಉಳಿದುದು ಶಿಷ್ಯನ ಕಂಠವು. ಗುರುವು ಹಾಡಿದ್ದನ್ನು ಶಿಷ್ಯನು ಕೇಳುವುದು ಅರ್ಧ ಪಾಠ. ಶಿಷ್ಯನು ಹಾಡಿದ್ದನ್ನು ಗುರುವು ಕೇಳಿ, ತಡೆದು, 'ಮತ್ತೊಮ್ಮೆ' ಎನ್ನುವುದು ಉಳಿದರ್ಧವು. ಇಂದು ದೂರವಾಣಿಯು ಪ್ರತಿಯೊಬ್ಬರ ಕೈಯಲ್ಲಿರುವುದರಿಂದ ಅದಕ್ಕೆ ಉಪಾಯವುಂಟು. ಪಠ್ಯಕ್ರಮವನ್ನು ರಚಿಸುವವರು ರಾಗಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿಯಾದರೂ, ವಾರಕ್ಕೊಮ್ಮೆ ಉಪಾಧ್ಯಾಯನು ತನ್ನ ಗಾಯನವನ್ನು ಗುರುವಿಗೆ ಕಳುಹಿಸಿ ತಿದ್ದಿಸಿಕೊಳ್ಳುವುದಕ್ಕೆ ವೇಳೆಯನ್ನು ಕಾದಿರಿಸತಕ್ಕುದು. ಅಂತಹ ಪಠ್ಯಕ್ರಮವನ್ನು ಮೊದಲು ಒಬ್ಬ ಅಂಧ ವಿದ್ಯಾರ್ಥಿಯ ಮುಂದಿಟ್ಟು ಪರೀಕ್ಷಿಸಿರೆಂದು ನಾವು ಕೋರುವೆವು. ಅವನು ಕಲಿತು ಇನ್ನೊಬ್ಬನಿಗೆ ಕಲಿಸಬಲ್ಲನಾದರೆ ಅಚ್ಚಿಗೆ ಕಳುಹಿಸಬಹುದು.