ಕುರ್ತುಬಾದ ಕಂಬಗಳು ಮತ್ತು ಕಳೆದುಹೋದ ಗ್ರಂಥಗಳು

ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದ ಜನಾಂಗಗಳ ಪರಿಣಾಮವೇನಾಯಿತೆಂದು ಅವಲೋಕಿಸಬೇಕೆಂಬ ಆಶಯ ಪವಿತ್ರ ಕುರ್‌ಆನಿನಲ್ಲಿ ಹಲವೆಡೆ ಬರುತ್ತದೆ. ಆ ದೃಷ್ಟಿಯಿಂದ ನೋಡಿದರೆ ಪ್ರವಾಸವು ಮನರಂಜನೆ ಮಾತ್ರವಲ್ಲ, ಪಾಠವೂ ಹೌದು. ಅಂತಹ ಪಾಠವನ್ನು ಕಲಿಸುವ ನಗರಗಳಲ್ಲಿ ದಕ್ಷಿಣ ಸ್ಪೇನಿನ ಕೊರ್ಡೋಬ ಪ್ರಮುಖವಾದುದು. ಅರಬಿ ಗ್ರಂಥಗಳಲ್ಲಿ ಅದರ ಹೆಸರು ಕುರ್ತುಬಾ. ಅಲ್ಲಿನ ಮಸೀದಿಯ ಕೆಂಪು-ಬಿಳಿ ಕಮಾನುಗಳ ಚಿತ್ರವನ್ನು ನೋಡಿದ ಮುಸ್ಲಿಮರು ‘ಎಂತಹ ವೈಭವ ಕೈತಪ್ಪಿಹೋಯಿತು’ ಎಂದು ನಿಟ್ಟುಸಿರು ಬಿಡುವುದು ಸಹಜ. ಆದರೆ ಆ ನಿಟ್ಟುಸಿರಿನೊಂದಿಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ: ಕುರ್ತುಬಾ ಕೈತಪ್ಪಿದ್ದು ಯಾವಾಗ? ಮತ್ತು ಯಾರ ಕೈಯಿಂದ?

ನಗರವನ್ನು ಪ್ರವೇಶಿಸುವ ಪ್ರವಾಸಿಗೆ ಮೊದಲು ಎದುರಾಗುವುದು ಗ್ವಾದಲ್ಕಿವೀರ್ ನದಿ. ಇದು ‘ಅಲ್ ವಾದಿ ಅಲ್ ಕಬೀರ್’, ಅಂದರೆ ಮಹಾನದಿ ಎಂಬ ಅರಬಿ ಹೆಸರಿನ ರೂಪಾಂತರ. ರೋಮನರ ಕಾಲದಿಂದ ಬಂದ ಸೇತುವೆಯನ್ನು ದಾಟಿದರೆ ಮಸೀದಿಯ ಗೋಡೆಗಳು ಕಾಣುತ್ತವೆ. ತನ್ನ ಉಮಯ್ಯಾ ವಂಶದ ಹತ್ಯಾಕಾಂಡದಿಂದ ಪಾರಾಗಿ ಬಂದು, 756ರಲ್ಲಿ ಇಲ್ಲಿ ಅಧಿಕಾರ ಸ್ಥಾಪಿಸಿದ ಮೊದಲನೆಯ ಅಬ್ದುರ್ರಹ್ಮಾನ್, 785ರ ಸುಮಾರಿಗೆ ಈ ಮಸೀದಿಯ ನಿರ್ಮಾಣವನ್ನು ಆರಂಭಿಸಿದನು. ಅವನ ನಂತರದ ಆಡಳಿತಗಾರರು ಎರಡು ಶತಮಾನಗಳ ಅವಧಿಯಲ್ಲಿ ಅದನ್ನು ಮೂರು ಬಾರಿ ವಿಸ್ತರಿಸಿದರು. ಇಂದಿಗೂ ಅಲ್ಲಿ 850ಕ್ಕೂ ಹೆಚ್ಚು ಕಂಬಗಳಿವೆ. ಅವುಗಳಲ್ಲಿ ಎಷ್ಟೋ ಕಂಬಗಳು ಹಳೆಯ ರೋಮನ್ ಮತ್ತು ವಿಸಿಗಾತ್ ಕಟ್ಟಡಗಳಿಂದ ತಂದವು. ಗಿಡ್ಡವಾದ ಆ ಕಂಬಗಳ ಮೇಲೆ ಎತ್ತರದ ಛಾವಣಿಯನ್ನು ನಿಲ್ಲಿಸಲು ಶಿಲ್ಪಿಗಳು ಒಂದರ ಮೇಲೊಂದು ಎರಡು ಕಮಾನುಗಳನ್ನು ಕಟ್ಟಿದರು. ಎರಡನೆಯ ಹಕಮ್ ಮಿಹ್ರಾಬನ್ನು ಅಲಂಕರಿಸಲು ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿಯಿಂದ ಮೊಸಾಯಿಕ್ ಕುಶಲಕರ್ಮಿಯನ್ನು ಕರೆಸಿಕೊಂಡನೆಂದು ಅರಬ್ ಇತಿಹಾಸಕಾರರು ಬರೆದಿದ್ದಾರೆ. ಉತ್ತಮವಾದುದು ಎಲ್ಲಿದ್ದರೂ ಅದನ್ನು ಸ್ವೀಕರಿಸುವ ಮನೋಭಾವವೇ ಆ ಕಟ್ಟಡದ ಅಡಿಪಾಯವಾಗಿತ್ತು.

1236ರಲ್ಲಿ ಕ್ಯಾಸ್ಟೀಲಿನ ದೊರೆ ಮೂರನೆಯ ಫೆರ್ಡಿನಾಂಡ್ ನಗರವನ್ನು ವಶಪಡಿಸಿಕೊಂಡನು. ಮಸೀದಿಯು ಕ್ಯಾಥೆಡ್ರಲ್ ಆಯಿತು. 1523ರಲ್ಲಿ, ನಗರಸಭೆಯ ವಿರೋಧವನ್ನೂ ಲೆಕ್ಕಿಸದೆ, ಅದರ ನಡುಭಾಗವನ್ನು ಕೆಡವಿ ಎತ್ತರದ ಚರ್ಚನ್ನು ಕಟ್ಟಲು ಆರಂಭಿಸಲಾಯಿತು. ಮೂರನೆಯ ಅಬ್ದುರ್ರಹ್ಮಾನ್ ಕಟ್ಟಿಸಿದ ಮಿನಾರದ ಅವಶೇಷವು ಇಂದಿನ ಗಂಟೆ ಗೋಪುರದ ಒಳಗೆ ಅಡಗಿದೆ. ಈಗ ಪ್ರವಾಸಿಯು ಟಿಕೆಟ್ ಪಡೆದು ಒಳಗೆ ಹೋಗಬಹುದು, ಆದರೆ ಅಲ್ಲಿ ನಮಾಝ್ ನಿರ್ವಹಿಸಲು ಅನುಮತಿಯಿಲ್ಲ. ಇದು ನೋವಿನ ಸಂಗತಿ. ಆದರೂ ಅತಿಥಿಯಾಗಿ ಹೋದವನು ಅಲ್ಲಿನ ನಿಯಮವನ್ನು ಗೌರವಿಸುವುದೇ ಸಭ್ಯತೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಮರೆಯಬಾರದು. 997ರಲ್ಲಿ ಕುರ್ತುಬಾದ ಸೇನಾಧಿಪತಿ ಮನ್ಸೂರ್, ಕ್ರೈಸ್ತರ ಯಾತ್ರಾಸ್ಥಳವಾದ ಸಂತಿಯಾಗೋವನ್ನು ಧ್ವಂಸಗೊಳಿಸಿ, ಅಲ್ಲಿನ ಗಂಟೆಗಳನ್ನು ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ತಂದನು. ಅವು ಈ ಮಸೀದಿಯ ದೀಪಗಳಾದವು. 1236ರಲ್ಲಿ ಅದೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಹಿಂದಕ್ಕೆ ಕಳುಹಿಸಲಾಯಿತೆಂದು ಇತಿಹಾಸ ಹೇಳುತ್ತದೆ. ಪರರ ಆರಾಧನಾಲಯವನ್ನು ಅವಮಾನಿಸಿದ ಗೆಲುವು ಯಾರಿಗೂ ಶಾಶ್ವತವಾಗಿ ಉಳಿಯಲಿಲ್ಲ.

ಹಾಗಾದರೆ ಕುರ್ತುಬಾ ಪತನಗೊಂಡದ್ದು 1236ರಲ್ಲಿಯೇ? ಉತ್ತರವನ್ನು ಹುಡುಕಬೇಕಾದರೆ ನಗರದಿಂದ ಸುಮಾರು 8 ಕಿಲೋಮೀಟರ್ ಪಶ್ಚಿಮಕ್ಕೆ, ಬೆಟ್ಟದ ತಪ್ಪಲಿಗೆ ಹೋಗಬೇಕು. ಅಲ್ಲಿ ಮದೀನತುಝ್ಝಹ್ರಾದ ಅವಶೇಷಗಳಿವೆ. 929ರಲ್ಲಿ ತನ್ನನ್ನು ಖಲೀಫಾ ಎಂದು ಘೋಷಿಸಿಕೊಂಡ ಮೂರನೆಯ ಅಬ್ದುರ್ರಹ್ಮಾನ್ 936ರ ಸುಮಾರಿಗೆ ಕಟ್ಟಲಾರಂಭಿಸಿದ ಅರಮನೆಯ ನಗರ ಅದು. ಅದರ ಆಯುಷ್ಯ ಕೇವಲ ಮುಕ್ಕಾಲು ಶತಮಾನ. ಅದನ್ನು ಕೊಳ್ಳೆ ಹೊಡೆದವರು ಕ್ರೈಸ್ತ ಸೈನಿಕರಲ್ಲ. 1009ರಲ್ಲಿ ಆರಂಭವಾದ ಅಂತಃಕಲಹದಲ್ಲಿ ಪರಸ್ಪರ ಕಾದಾಡುತ್ತಿದ್ದ ಮುಸ್ಲಿಂ ಬಣಗಳೇ ಅದನ್ನು ಹಾಳುಗೆಡವಿದವು. 1013ರಲ್ಲಿ ಕುರ್ತುಬಾ ನಗರವೂ ಲೂಟಿಗೊಳಗಾಯಿತು. 1031ರಲ್ಲಿ ಖಿಲಾಫತ್ ಕೊನೆಗೊಂಡು, ಅಂದಲುಸ್ ಹತ್ತಾರು ಚಿಕ್ಕ ರಾಜ್ಯಗಳಾಗಿ ಒಡೆಯಿತು. ಆ ರಾಜರುಗಳಲ್ಲಿ ಹಲವರು ಕ್ರೈಸ್ತ ದೊರೆಗಳಿಗೆ ಕಪ್ಪ ಕೊಟ್ಟು, ತಮ್ಮ ಸೋದರರ ವಿರುದ್ಧ ಯುದ್ಧ ಮಾಡಿದರು. ಫೆರ್ಡಿನಾಂಡ್ ಬಂದದ್ದು ಇದೆಲ್ಲ ನಡೆದು ಎರಡು ಶತಮಾನಗಳ ನಂತರ.

ಅರಮನೆಗಿಂತಲೂ ದೊಡ್ಡ ನಷ್ಟ ಗ್ರಂಥಗಳದ್ದು. ಎರಡನೆಯ ಹಕಮ್‌ನ ಗ್ರಂಥಾಲಯದಲ್ಲಿ ನಾಲ್ಕು ಲಕ್ಷ ಗ್ರಂಥಗಳಿದ್ದವೆಂದೂ, ಅವುಗಳ ಸೂಚಿಯೇ 44 ಸಂಪುಟಗಳಷ್ಟಿತ್ತೆಂದೂ ಹಳೆಯ ಇತಿಹಾಸಕಾರರು ದಾಖಲಿಸಿದ್ದಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಬಹುದು, ಆದರೆ ಆ ಕಾಲದ ಪಶ್ಚಿಮ ಯುರೋಪಿನಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಹಕಮ್ ತೀರಿಕೊಂಡ ಬಳಿಕ ಅಧಿಕಾರವನ್ನು ಕೈಗೆತ್ತಿಕೊಂಡ ಅದೇ ಮನ್ಸೂರ್, ಧಾರ್ಮಿಕ ವಲಯವನ್ನು ಮೆಚ್ಚಿಸಲು, ತತ್ವಶಾಸ್ತ್ರ ಮತ್ತು ಖಗೋಳ ವಿದ್ಯೆಯ ಗ್ರಂಥಗಳನ್ನು ಹೊರತೆಗೆಸಿ ಸುಡಿಸಿದನು. ಉಳಿದವು ಅಂತಃಕಲಹದ ದಿನಗಳಲ್ಲಿ ಮಾರಾಟವಾದವು, ಲೂಟಿಯಾದವು.

ನಗರದ ಹಳೆಯ ಗೋಡೆಯ ಬಳಿ ಇಬ್ನು ರುಶ್ದ್ ಅವರ ಪ್ರತಿಮೆಯಿದೆ. 1126ರಲ್ಲಿ ಇಲ್ಲಿ ಜನಿಸಿದ ಅವರು ಈ ನಗರದ ಖಾಝಿಯಾಗಿದ್ದರು. ಅವರ ‘ಬಿದಾಯತುಲ್ ಮುಜ್ತಹಿದ್’ ಫಿಕ್‌ಹ್ ವಿದ್ಯಾರ್ಥಿಗಳಿಗೆ ಇಂದಿಗೂ ಆಕರ ಗ್ರಂಥ. ಹಾಗಿದ್ದರೂ 1195ರಲ್ಲಿ ಅವರನ್ನು ಗಡೀಪಾರು ಮಾಡಿ, ಅವರ ತತ್ವಶಾಸ್ತ್ರದ ಕೃತಿಗಳನ್ನು ಸುಡಲಾಯಿತು. ನಂತರ ಕ್ಷಮೆ ದೊರೆತರೂ 1198ರಲ್ಲಿ ಅವರು ಮರಾಕೆಶ್‌ನಲ್ಲಿ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಕುರ್ತುಬಾಕ್ಕೆ ತರುವಾಗ, ವಾಹನದ ಪ್ರಾಣಿಯ ಒಂದು ಬದಿಗೆ ಶವಪೆಟ್ಟಿಗೆಯನ್ನೂ, ಸಮತೂಕಕ್ಕಾಗಿ ಇನ್ನೊಂದು ಬದಿಗೆ ಅವರ ಗ್ರಂಥಗಳನ್ನೂ ಕಟ್ಟಲಾಗಿತ್ತೆಂದು ಅದನ್ನು ಕಣ್ಣಾರೆ ಕಂಡ ಇಬ್ನು ಅರಬಿ ಬರೆದಿದ್ದಾರೆ. ತನ್ನವರು ಸುಟ್ಟ ಗ್ರಂಥಗಳನ್ನು ಲ್ಯಾಟಿನ್ ಮತ್ತು ಹೀಬ್ರೂ ಭಾಷೆಗಳಿಗೆ ಅನುವಾದಿಸಿಕೊಂಡು ಯುರೋಪಿನ ವಿಶ್ವವಿದ್ಯಾಲಯಗಳು ಶತಮಾನಗಳ ಕಾಲ ಅಭ್ಯಸಿಸಿದವು. ಮದೀನತುಝ್ಝಹ್ರಾದ ವೈದ್ಯ ಅಬುಲ್ ಕಾಸಿಂ ಝಹ್ರಾವಿಯವರ 30 ಭಾಗಗಳ ‘ತಸ್ರೀಫ್’ ಗ್ರಂಥದ ಶಸ್ತ್ರಚಿಕಿತ್ಸಾ ಭಾಗವೂ ಹಾಗೆಯೇ ಅನುವಾದಗೊಂಡು ಉಳಿಯಿತು.

ನಮ್ಮ ಮದ್ರಸಗಳ ಕಪಾಟುಗಳಲ್ಲಿರುವ ‘ತಫ್ಸೀರುಲ್ ಕುರ್ತುಬೀ’ಯ ಹೆಸರನ್ನು ಗಮನಿಸಿರಿ. ಅದರ ಕರ್ತೃ ಇಮಾಮ್ ಕುರ್ತುಬೀ ಇದೇ ನಗರದ ಮಗ. ನಗರ ಪತನಗೊಂಡಾಗ ಊರು ತೊರೆದ ಅವರು ಈಜಿಪ್ಟಿನಲ್ಲಿ ನೆಲೆಸಿ, 1273ರಲ್ಲಿ ಅಲ್ಲಿಯೇ ನಿಧನರಾದರು. ಅವರು ಕಳೆದುಕೊಂಡ ಮಸೀದಿಯಲ್ಲಿ ಇಂದು ನಮಾಝ್ ಇಲ್ಲ, ಆದರೆ ಅವರು ಬರೆದ ಗ್ರಂಥವನ್ನು ಜಗತ್ತಿನಾದ್ಯಂತ ಓದಲಾಗುತ್ತಿದೆ. ಇಬ್ನು ಹಝ್ಮ್ 1013ರಲ್ಲಿ ಇದೇ ನಗರವನ್ನು ತೊರೆದವರು. ತನಗೆ ಬಾಲ್ಯದಲ್ಲಿ ಕುರ್‌ಆನ್, ಕಾವ್ಯ ಮತ್ತು ಬರವಣಿಗೆಯನ್ನು ಕಲಿಸಿದವರು ಮನೆಯ ಮಹಿಳೆಯರೆಂದು ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಕುರ್ತುಬಾದ ನಿಜವಾದ ಶಕ್ತಿ ಅರಮನೆಯಲ್ಲಿರಲಿಲ್ಲ, ಓದುವ ಮನೆಗಳಲ್ಲಿತ್ತು.

ಆದ್ದರಿಂದ ಅಲ್ಲಿಗೆ ಹೋಗುವವರು ಮಸೀದಿಯನ್ನಷ್ಟೇ ನೋಡಿ ಹಿಂದಿರುಗದೆ, ಮದೀನತುಝ್ಝಹ್ರಾಕ್ಕೂ ಹೋಗಬೇಕು. ಮಕ್ಕಳಿದ್ದರೆ ಅದನ್ನು ಕೆಡವಿದವರು ಯಾರೆಂಬುದನ್ನು ಮುಚ್ಚಿಡದೆ ಹೇಳಬೇಕು. ಹೋಗಲಾಗದ ನಮ್ಮಂಥವರು ನಮ್ಮ ಜಮಾಅತ್‌ಗಳಲ್ಲಿ ಗುಂಪುಗಾರಿಕೆಗೆ ವ್ಯಯಿಸುವ ಸಮಯವೆಷ್ಟು, ಗ್ರಂಥಾಲಯಕ್ಕೆ ಕೊಡುವ ಸಮಯವೆಷ್ಟು ಎಂದು ಲೆಕ್ಕ ಹಾಕಿದರೂ ಸಾಕು. ಶತ್ರುವಿನಿಂದ ಆದ ನಷ್ಟಕ್ಕೆ ನಾವು ಅಳಬಹುದು, ಆದರೆ ನಮ್ಮಿಂದಲೇ ಆಗುವ ನಷ್ಟವನ್ನು ತಡೆಯಬಹುದು. ಗತಿಸಿದವರ ಪರಿಣಾಮದಿಂದ ಪಾಠ ಕಲಿಯುವ ವಿವೇಕವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.